ಕ್ಷೇಮ ಕೇಳುವ ಭಾಷೆ, ಕಾರ್ಡು ಕೇಳುವ ಭಾಷೆ

ನಮ್ಮ ವಿಮರ್ಶಕರು ಕಾವ್ಯ ಓದುತ್ತಾರೆ, ಕಾದಂಬರಿ ಓದುತ್ತಾರೆ. ಆದರೆ ಈ ನಾಡಿನ ಬಡವರ ಬದುಕನ್ನು ದಿನಾ ಬರೆಯುತ್ತಿರುವ ಬರಹ ಇನ್ನೊಂದಿದೆ. ಅದು ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡು, ತಾಲ್ಲೂಕು ಕಚೇರಿಯ ಕಡತ. ಇದನ್ನು ಯಾರೂ ಸಾಹಿತ್ಯ ಅನ್ನುವುದಿಲ್ಲ, ಸರಿ. ಆದರೆ ಒಬ್ಬ ಮನುಷ್ಯ ಬದುಕಬೇಕೋ ಸಾಯಬೇಕೋ ಅನ್ನುವುದನ್ನು ತೀರ್ಮಾನ ಮಾಡುವಷ್ಟು ಶಕ್ತಿ ಈ ಬರಹಕ್ಕಿದೆ. ಇಷ್ಟು ಶಕ್ತಿಯುಳ್ಳ ಭಾಷೆಯನ್ನು ವಿಮರ್ಶೆಯ ಹೊರಗಿಟ್ಟು ಬರೀ ರೂಪಕ, ಪ್ರತಿಮೆಗಳ ಲೆಕ್ಕ ಹಾಕುತ್ತಾ ಕೂರುವುದು ಯಾವ ನ್ಯಾಯ? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಭಾಷೆಯನ್ನು ಓದಿ ನೋಡೋಣ.

ಈ ಸೀಮೆಯಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹವೇ ಒಂದು ಸರ್ಕಾರಿ ಓಲೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯ ಮೇಲಿನ ಓಲೆ ಶುರುವಾಗುವ ರೀತಿಯನ್ನು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ ಸೇರಿ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಅಂದರೆ ಒಂದು ಊರಿನ ಅಧಿಕಾರಿ ಇನ್ನೊಂದು ಊರಿನ ಅಧಿಕಾರಿಯನ್ನು ‘ಕ್ಷೇಮವೇ?’ ಎಂದು ಕೇಳುತ್ತಾನೆ. ಆಮೇಲೆ ಅಪ್ಪಣೆ ಬರುತ್ತದೆ. ಓಲೆ ಕೊರೆದ ಚಪಡ ಎಂಬ ಲಿಪಿಕಾರನ ಹೆಸರೂ ಉಳಿದಿದೆ. ಇಸಿಲದ ಬೇಸಾಯದವನು ಹೇಗಿದ್ದ, ಅವನ ಹೆಂಡತಿ ಹೆರಿಗೆಯಲ್ಲಿ ಉಳಿದಳೋ ಇಲ್ಲವೋ ಎಂದು ಕೇಳಿದವರ ಸುದ್ದಿ ಅಲ್ಲಿಲ್ಲ.

ಅಶೋಕ ಕೆಟ್ಟ ದೊರೆ ಅಂತ ನಾನು ಹೇಳುತ್ತಿಲ್ಲ. ದೊಡ್ಡವರಂತೆ ಸಣ್ಣವರೂ ಪ್ರಯತ್ನಪಟ್ಟರೆ ಮೇಲೇರಬಹುದು ಎಂದು ಇದೇ ಬಂಡೆ ಹೇಳುತ್ತದೆ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ ಏರ್ಪಡಿಸಿದ್ದೇನೆ, ಗಿಡಮೂಲಿಕೆ ನೆಡಿಸಿದ್ದೇನೆ, ಬಾವಿ ತೋಡಿಸಿದ್ದೇನೆ ಎಂದು ಅವನು ಇನ್ನೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಆ ಶಾಸನ ನಮ್ಮ ಬಂಡೆಯ ಮೇಲಿಲ್ಲ. ನಮ್ಮ ಪಾಲಿಗೆ ಬಂದದ್ದು ಅಧಿಕಾರಿಗಳ ಕ್ಷೇಮ ಸಮಾಚಾರ ಮತ್ತು ಪ್ರಜೆಗಳಿಗೆ ಉಪದೇಶ. ಎರಡು ಸಾವಿರ ವರ್ಷ ದಾಟಿದೆ. ಈ ಹಂಚಿಕೆ ಎಷ್ಟು ಬದಲಾಗಿದೆ?

ಈಗಿನ ಓಲೆಯನ್ನು ಓದೋಣ. ದೇವಸಮುದ್ರದ ಕಡೆಯ ಒಬ್ಬ ಕೂಲಿಯವನಿಗೆ ಎದೆ ಹಿಡಿದುಕೊಂಡಿತು ಎಂದಿಟ್ಟುಕೊಳ್ಳಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ ‘ಡಾಕ್ಟ್ರು ಮೀಟಿಂಗಿಗೆ ಹೋಗ್ಯಾರೆ’ ಅನ್ನುವ ಮಾತು. ಅಲ್ಲಿಂದ ಮೊಳಕಾಲ್ಮೂರು. ಅಲ್ಲಿ ಚೀಟಿ ಬರೆದು ಬಳ್ಳಾರಿಗೋ ಚಿತ್ರದುರ್ಗಕ್ಕೋ ಕಳಿಸುತ್ತಾರೆ. ಜಿಲ್ಲೆ ಚಿತ್ರದುರ್ಗ, ಆದರೆ ಹತ್ತಿರದ ದೊಡ್ಡಾಸ್ಪತ್ರೆ ಬಳ್ಳಾರಿ. ಮನುಷ್ಯನಿಗೆ ಹತ್ತಿರವಾದದ್ದು ಕಡತಕ್ಕೆ ದೂರ. ದೊಡ್ಡಾಸ್ಪತ್ರೆಯಲ್ಲಿ ಮೊದಲು ಕೇಳುವುದು ‘ಏನಾಗ್ತೈತೆ ಯಜಮಾನ?’ ಅಂತಲ್ಲ; ‘ಕಾರ್ಡ್ ತಂದೀಯಾ?’ ಅಂತ.

ಈ ಕಾರ್ಡಿನ ಭಾಷೆ ಹೀಗಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿಯಾದ ದರದಲ್ಲಿ ಶೇ. 30ರಷ್ಟು ಮಾತ್ರ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ತುರ್ತು ಚಿಕಿತ್ಸೆಗೆ ವಿನಾಯಿತಿ ಇದೆ. ಆದರೆ ಯಾವುದು ತುರ್ತು ಅಂತ ಹೇಳುವವರು ಯಾರು? ನರಳುವವನಂತೂ ಅಲ್ಲ. ಯೋಜನೆ ಕಾಗದದ ಮೇಲೆ ಒಳ್ಳೆಯದೇ, ಅದರಿಂದ ಉಳಿದ ಜೀವಗಳೂ ಉಂಟು. ನನ್ನ ತಕರಾರು ಅದರ ವ್ಯಾಕರಣದ ಬಗ್ಗೆ. ಈ ವ್ಯಾಕರಣದಲ್ಲಿ ರೋಗಿ ಯಾವತ್ತೂ ಕರ್ತೃವಲ್ಲ. ಅವನನ್ನು ‘ಕಳುಹಿಸಲಾಗಿದೆ’, ‘ಸೂಚಿಸಲಾಗಿದೆ’, ‘ಪರಿಗಣಿಸಲಾಗಿಲ್ಲ’. ಕಳಿಸಿದವರು ಯಾರು, ಪರಿಗಣಿಸದವರು ಯಾರು ಅನ್ನುವುದು ವಾಕ್ಯದೊಳಗೆ ಎಲ್ಲೂ ಸಿಗುವುದಿಲ್ಲ. ಮಾಡಿದವನಿಲ್ಲದೆ ಕೆಲಸ ನಡೆಯುವ ಪವಾಡ ಪುರಾಣದಲ್ಲೂ ಇಷ್ಟಿಲ್ಲ.

ಆ ಕಾರ್ಡಾದರೂ ಬಡವನ ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ? 2024ರ ನವೆಂಬರಿನಲ್ಲಿ ಅನರ್ಹರನ್ನು ತೆಗೆಯುತ್ತೇವೆ ಎಂದು ಹೊರಟ ಸರ್ಕಾರ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ತಳ್ಳಿತು. ಗಲಾಟೆ ಎದ್ದಮೇಲೆ ಹಿಂದೆ ಸರಿದು ಕಾರ್ಡು ವಾಪಸು ಕೊಡುತ್ತೇವೆ ಅಂದಿತು. ಈ ನಡುವಿನ ದಿನಗಳಲ್ಲಿ ಯಾರದೋ ಮನೆಯಲ್ಲಿ ಡಯಾಲಿಸಿಸ್ ಇತ್ತು, ಯಾರದೋ ಮನೆಯಲ್ಲಿ ಹೆರಿಗೆ ಇತ್ತು. ಒಂದು ಗುಂಡಿ ಒತ್ತಿದರೆ ಬಡತನ ರೇಖೆ ಕೆಳಗಿನವನು ಮೇಲಿನವನಾಗುತ್ತಾನೆ; ಮನೆಯಲ್ಲಿ ಒಲೆ ಮಾತ್ರ ನಿನ್ನೆಯಂತೆಯೇ ತಣ್ಣಗೆ. ಬಡತನ ಎಲ್ಲೂ ಅವಿತು ಕೂತಿಲ್ಲ ಗೆಳೆಯರೆ. ಅದನ್ನು ಅವಿಸುವ ಕೈಗಳಿವೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನೇ ನೋಡಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೀರೆ. ಮದುವೆ ಮನೆಗಳಲ್ಲಿ ಮಿಂಚುತ್ತದೆ, ಭಾಷಣಗಳಲ್ಲಿ ಜಿಲ್ಲೆಯ ಹೆಮ್ಮೆಯಾಗುತ್ತದೆ. ಅದನ್ನು ನೇಯುವವನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನಗಟ್ಟಲೆ ಕೂರುತ್ತಾನೆ. ಬೆನ್ನು, ಕಣ್ಣು, ಮಂಡಿ ಒಂದೊಂದಾಗಿ ಸೋಲುತ್ತವೆ. ಆ ಮನೆಗೆ ಲೆಕ್ಕದವರು ಬಂದರೆ ಕಣ್ಣಿಗೆ ಬೀಳುವುದು ಮಗ್ಗದ ಮೇಲಿನ ಜರಿ. ರೇಷ್ಮೆ ಸಾಹುಕಾರನದು, ಮನೆಯವನದು ಬರೀ ಕೂಲಿ. ಆದರೆ ‘ರೇಷ್ಮೆ ನೇಯ್ತಾರೆ, ಇವರಿಗೇನು ಕಡಿಮೆ?’ ಅನ್ನುವ ಮಾತು ಸಲೀಸಾಗಿ ಹುಟ್ಟುತ್ತದೆ. ಚಳ್ಳಕೆರೆಯ ಎಣ್ಣೆಗಿರಣಿ, ಶೇಂಗಾ ವ್ಯಾಪಾರದ ಹೆಸರೂ ಹಾಗೆಯೇ. ಊರಿಗೆ ಎಣ್ಣೆಯ ಹೆಸರು, ಹಮಾಲಿಯ ತಲೆಗೆ ಎಣ್ಣೆಯಿಲ್ಲ.

ಇನ್ನು ನೀರು. ಈ ಎರಡೂ ತಾಲ್ಲೂಕುಗಳು ರಾಜ್ಯದಲ್ಲಿ ಮಳೆ ಬಹಳ ಕಡಿಮೆ ಬೀಳುವ ನೆಲ. ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡ್ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ನಿಯಮ ಹೇಳುತ್ತದೆ. ದಾಟಿದ ನೀರನ್ನೇ ವರ್ಷಾನುಗಟ್ಟಲೆ ಕುಡಿದ ಮೈಯಲ್ಲಿ ಹಲ್ಲು ಕಂದುಗಟ್ಟಿ, ಕೀಲು ಬಿಗಿದು, ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮಾತ್ರೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದಕ್ಕೆ ಮದ್ದು ಒಳ್ಳೆಯ ನೀರು, ಹಾಲು, ಮೊಟ್ಟೆ, ಸೊಪ್ಪು. ಅಂದರೆ ಮದ್ದು ಇರುವುದು ಔಷಧಿ ಅಂಗಡಿಯಲ್ಲಲ್ಲ, ಬಡವನಿಗೆ ಎಟುಕದ ಅಡಿಗೆಮನೆಯಲ್ಲಿ. ಆದರೆ ಹೊರರೋಗಿ ಪುಸ್ತಕದಲ್ಲಿ ‘ಕೀಲುನೋವು’ ಎಂದು ಬರೆದು ನೋವಿನ ಮಾತ್ರೆ ಕೊಟ್ಟರೆ ಕೆಲಸ ಮುಗಿಯಿತು. ಆ ಒಂದು ಪದದಿಂದ ನೀರು ಸರಬರಾಜಿನವರು ಪಾರು, ತುಂಗಭದ್ರೆಯ ಹಿನ್ನೀರು ತರುವ ಯೋಜನೆಯನ್ನು ವರ್ಷಗಟ್ಟಲೆ ಎಳೆದವರೂ ಪಾರು. ರೋಗದ ಹೆಸರು ಸರಿಯಾಗಿ ಬರೆಯದಿರುವುದೂ ಒಂದು ರಾಜಕೀಯ.

ಇದೇ ಜಿಲ್ಲೆಯ ಚಿತ್ರದುರ್ಗ ಪಟ್ಟಣದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟಿನಲ್ಲಿ ದಲಿತರ ಕೇರಿಯ ಜನ ಕಲುಷಿತ ನೀರು ಕುಡಿದು ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ವಿಷವೋ, ಕಾಲರಾ ರೋಗಾಣುವೋ ಎಂದು ಚರ್ಚೆ ನಡೆಯಿತು. ತನಿಖೆ ಬೇಕಾದದ್ದೇ. ಆದರೆ ಕೇರಿಯ ಕೊಳವೆ ಯಾಕೆ ಯಾವಾಗಲೂ ಕೊನೆಯ ಕೊಳವೆಯಾಗಿರುತ್ತದೆ ಅನ್ನುವ ಪ್ರಶ್ನೆಯನ್ನು ಯಾವ ಪ್ರಯೋಗಾಲಯಕ್ಕೆ ಕಳಿಸೋಣ?

ಮೊಳಕಾಲ್ಮೂರಿನ ಜನ ಓಡುವ ಬಳ್ಳಾರಿಯಲ್ಲಿ 2024ರ ಕೊನೆಯಲ್ಲಿ ಏನಾಯಿತು? ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ಸತ್ತರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಆ ಕಂಪನಿಯ ದ್ರಾವಣವನ್ನು ರಾಜ್ಯದ ಪ್ರಯೋಗಾಲಯ ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂದು ಸರ್ಕಾರವೇ ವಿವರಣೆ ಕೊಟ್ಟಿತು. ಔಷಧ ನಿಯಂತ್ರಕರ ಅಮಾನತೂ ಆಯಿತು. ಎರಡು ಕಾಗದಗಳು ಜಗಳಾಡುತ್ತಿದ್ದಾಗ ಬಾಟಲಿ ಮಾತ್ರ ವಾರ್ಡಿನಲ್ಲಿ ತೊಟ್ಟಿಕ್ಕುತ್ತಿತ್ತು. ಅವ್ವಂದಿರು ಉಳಿಯಲಿಲ್ಲ. ಇದನ್ನು ದುರಂತ ಅಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ದುರಂತ ಎನ್ನುವುದು ದೇವರ ಮೇಲೆ ಹಾಕುವ ಮಾತು. ಇದು ಮೇಜಿನಿಂದ ಮೇಜಿಗೆ ನಡೆದುಬಂದ ಸಾವು.

ಕಡತ ನಿಧಾನ ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಇದೇ ಚಳ್ಳಕೆರೆಯಲ್ಲಿ ಕಡತ ಓಡಿದ್ದನ್ನೂ ನಾವು ಕಂಡಿದ್ದೇವೆ. ಕುರಿ ದನ ಮೇಯಿಸಿಕೊಂಡು ಬದುಕುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ನೆಲ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ವಿಜ್ಞಾನ ಸಂಸ್ಥೆಗೆ ಮಂಜೂರಾದಾಗ, ಸುತ್ತಣ ಹಳ್ಳಿಯವರಿಗೆ ಗೊತ್ತಾದದ್ದು ಬೇಲಿ ಬಿದ್ದಮೇಲೆ. ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ತೋಡಿ ನೌಕೆ ಇಳಿಸುವ ಪರೀಕ್ಷೆ ನಡೆಸಿದರು. ಚಂದ್ರನಿಗೆ ಹೋದದ್ದು ಸಂತೋಷವೇ. ಚಂದ್ರನ ದಾರಿ ಸಿಕ್ಕ ನೆಲದಿಂದ ಬಾಣಂತಿಗೆ ಬಳ್ಳಾರಿಯ ದಾರಿ ಇಷ್ಟು ಉದ್ದವಾಗಬೇಕೇ? ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟವನ್ನು ಹತ್ತಾರು ಲಕ್ಷಕ್ಕೆ ಹರಾಜು ಕೂಗುವ ನಮ್ಮ ಮುಖಂಡರು, ಕೆರೆ ಕಟ್ಟಿಸಿದ ತಿಪ್ಪೇಸ್ವಾಮಿಯ ಹೆಸರಿನಲ್ಲಿ ನೀರಿನ ಪ್ರಶ್ನೆಯನ್ನು ಒಂದು ಸಲವಾದರೂ ಅಷ್ಟೇ ಗಟ್ಟಿಯಾಗಿ ಕೂಗಿದ್ದಾರೆಯೇ?

ಇಲ್ಲಿ ಸಾಹಿತ್ಯದ ಮಾತು ಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕು ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯನವರನ್ನು ಕೊಟ್ಟ ಊರು. ಅದೇ ಮನೆತನದ ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದ ಕೋಟೆ ಹೇಗೆ ಬಿತ್ತು ಎಂದು ಓದಿ ನಾವೆಲ್ಲ ಕಣ್ಣೀರಿಟ್ಟೆವು. ಆ ಕೋಟೆಗೆ ಕಲ್ಲು ಹೊತ್ತವರ ಮರಿಮಕ್ಕಳ ಬೆನ್ನು ಬಾಗಿದ್ದಕ್ಕೆ ಅಷ್ಟೇ ದೊಡ್ಡ ಕಾದಂಬರಿ ಇನ್ನೂ ಬರಬೇಕಾಗಿದೆ.

ದಾರಿ ತೋರಿಸಿದ ಕೃತಿ ಇಲ್ಲದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ವನ್ನು ಈ ಕಣ್ಣಿನಿಂದ ಮತ್ತೆ ಓದಬೇಕು. ಕದ್ದು ತಂದ ಕಡಲೆಕಾಯನ್ನು ಇಡೀ ಮನೆ ರಾತ್ರಿ ಕೂತು ತಿಂದು ಮುಗಿಸುತ್ತದೆ, ಸಿಪ್ಪೆಯ ಗುರುತೂ ಉಳಿಯದ ಹಾಗೆ. ಬೆಳಗಾದರೆ ಪೊಲೀಸರು. ಅವರು ಹುಡುಕುವುದು ಕಳ್ಳಮಾಲನ್ನು. ಅದು ಸಿಕ್ಕುವುದಿಲ್ಲ. ಎದುರಿಗೇ ನಿಂತಿರುವ ಹಸಿವು ಅವರ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅವರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಸರ್ಕಾರ ಬಡವನ ಮನೆಗೆ ಬರುವ ರೀತಿಯೇ ಇದು. ಪೊಲೀಸಿನವನು ಕಳವು ಹುಡುಕುತ್ತಾನೆ, ಆಸ್ಪತ್ರೆಯವನು ಕಾರ್ಡು ಹುಡುಕುತ್ತಾನೆ, ಲೆಕ್ಕದವನು ಟಿವಿ, ಬೈಕು ಇದೆಯೇ ಎಂದು ಹುಡುಕುತ್ತಾನೆ. ಮಹಾದೇವ ಇದನ್ನು ಘೋಷಣೆ ಮಾಡದೆ ಹೇಳಿದರು, ಅದಕ್ಕೇ ಅದು ಇವತ್ತಿಗೂ ಚುಚ್ಚುತ್ತದೆ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಎದುರಾಳಿಯ ಮುಖ ಸ್ಪಷ್ಟವಾಗಿತ್ತು. ಗೌಡ, ಸಾಹುಕಾರ, ಪುರೋಹಿತ. ಇವತ್ತು ಕೌಂಟರಿನ ಹಿಂದೆ ಕೂತವನೂ ಹಲವು ಸಲ ನಮ್ಮವನೇ, ಗುತ್ತಿಗೆಯ ಮೇಲೆ ದುಡಿಯುವವನು, ತಿಂಗಳ ಸಂಬಳಕ್ಕೆ ಕಾಯುವವನು. ‘ಸರ್ವರ್ ಇಲ್ಲಮ್ಮ, ನಾಳೆ ಬಾ’ ಅನ್ನುವ ಅವನ ಬಾಯಿ ಅವನದಲ್ಲ. ಗುಡಿಸಿಲ ಒಳಗಿನ ಸ್ಥಿತಿ ನಿಜಕ್ಕೂ ಗೊತ್ತಿರುವುದು ಆಶಾ ಕಾರ್ಯಕರ್ತೆಗೆ. ಅವಳೋ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು ತನ್ನ ಗೌರವಧನಕ್ಕೆ ಕೂಗಬೇಕಾಯಿತು. ಆದ್ದರಿಂದ ಸಿಟ್ಟನ್ನು ಕೌಂಟರಿನವನ ಮೇಲೆ ತೀರಿಸಿಕೊಂಡು ಬರೆದ ಕಥೆ ಅರ್ಧ ಕಥೆ. ಆ ಕೌಂಟರನ್ನು ಅಲ್ಲಿಟ್ಟವರನ್ನು ಕಾಣಿಸುವ ಬರಹ ಬೇಕು.

ಚಳ್ಳಕೆರೆ, ಮೊಳಕಾಲ್ಮೂರಿನ ಎಳೆಯ ಬರಹಗಾರರಿಗೆ ಹೇಳುವುದಿಷ್ಟೆ. ತಾಲ್ಲೂಕು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಒಂದು ವಾರ ಕೂರಿ. ಎಷ್ಟು ದಿನದ ಕೂಲಿ ಹೋಯಿತು, ಬಸ್ಸಿಗೆ ಎಷ್ಟಾಯಿತು, ಯಾವ ನೀರು ಕುಡಿಯುತ್ತಾರೆ, ನಿನ್ನೆ ರಾತ್ರಿ ಏನು ಉಂಡರು, ಎಷ್ಟು ಸಲ ‘ನಾಳೆ ಬಾ’ ಅನ್ನಿಸಿಕೊಂಡರು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಸ್ಪತ್ರೆಯ ಚೀಟಿಯಲ್ಲಿ ಇಲ್ಲದ್ದು ಇದೇ. ಇದನ್ನು ಊರೂರಿಂದ ಕೂಡಿಸಿ ತಾಲ್ಲೂಕು ಕಚೇರಿಯ ಮೇಜಿನ ಮೇಲಿಡೋಣ, ಪತ್ರಿಕೆಯಲ್ಲೂ ಅಚ್ಚುಮಾಡೋಣ. ಮಹಾಮಾತ್ರರ ಕ್ಷೇಮ ಬಂಡೆಯ ಮೇಲಿದೆ, ಅದಕ್ಕೇನೂ ಆಗುವುದಿಲ್ಲ. ಕೂಲಿಯವನ ಕ್ಷೇಮ ಕೇಳುವ ಕೆಲಸ ಬಾಕಿ ಇದೆ.