ಖಾಲಿ ಶೆಡ್ಡಿನ ಲೆಕ್ಕ

ಕರಾರು ಕೋಳಿ ಸಾಕಣೆಗೆ ನಮ್ಮಲ್ಲಿ ಇರುವ ಒಳ್ಳೆಯ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಪತ್ರಿಕೆಗಳ ಕೃಷಿ ಪುಟ, ಸಾಲಕ್ಕೆ ಲಗತ್ತಿಸುವ ಯೋಜನಾ ವರದಿ, ತರಬೇತಿ ಶಿಬಿರದ ಭಾಷಣ, ಎಲ್ಲ ಕಡೆಯೂ ಒಂದೇ ಮಾತು: ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧಿ ಕಂಪನಿಯದು, ಮಾರುಕಟ್ಟೆಯ ಏರಿಳಿತವೂ ಕಂಪನಿಯದೇ. ರೈತನದು ಶೆಡ್ಡು ಮತ್ತು ದುಡಿಮೆ ಮಾತ್ರ, ಆದ್ದರಿಂದ ಅವನಿಗೆ ನಷ್ಟದ ಭಯವಿಲ್ಲ. ಇದರಲ್ಲಿ ಕೊನೆಯ ಮಾತು ಸುಳ್ಳು. ಪೇಟೆ ಚೆನ್ನಾಗಿರುವಾಗ ಅದು ಸುಳ್ಳೆಂದು ಗೊತ್ತಾಗುವುದಿಲ್ಲ. ಪೇಟೆ ಕುಸಿದಾಗ, ಅಂದರೆ ಆ ಭರವಸೆ ನಿಜವಾಗಿ ಬೇಕಾದಾಗ, ಅದು ರೈತನ ಕೈಗೆ ಸಿಗುವುದಿಲ್ಲ.

1990ರ ದಶಕದಲ್ಲಿ ಕೊಯಮತ್ತೂರು ಸೀಮೆಯಲ್ಲಿ ಬೇರೂರಿದ ಈ ಪದ್ಧತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳಿಗೆ ಹೇಗೆ ಬಂತು, ಸ್ವಂತ ಬಂಡವಾಳದಲ್ಲಿ ಬ್ರಾಯ್ಲರ್ ಸಾಕುತ್ತಿದ್ದವರು ಹೇಗೆ ಒಬ್ಬೊಬ್ಬರಾಗಿ ಅದರೊಳಗೆ ಸೇರಿದರು ಎಂಬುದು ಈ ವಿಷಯದಲ್ಲಿ ಆಸಕ್ತಿ ಇರುವವರಿಗೆಲ್ಲ ಗೊತ್ತು. ನಾನು ನೋಡಬೇಕೆಂದಿರುವುದು ಒಂದೇ ಕಾಗದವನ್ನು. ಬ್ಯಾಚ್ ಮುಗಿದು ಕೋಳಿ ಎತ್ತಿದ ಮೇಲೆ ರೈತನ ಕೈಗೆ ಬರುವ ಬಿಲ್ಲು. ಕರಾರು ಸಾಕಣೆಯನ್ನು ಹೊಗಳುವವರು ಈ ಬಿಲ್ಲಿನ ಕೊನೆಯ ಸಾಲನ್ನಷ್ಟೇ ಓದುತ್ತಾರೆ. ಅದರ ಮೇಲಿನ ಸಾಲುಗಳಲ್ಲಿ ಈ ಪದ್ಧತಿಯ ಸ್ವಭಾವವೆಲ್ಲ ಇದೆ.

ಲೆಕ್ಕ ತಿಳಿಯಲೆಂದು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಕಂಪನಿಯಿಂದ ಕಂಪನಿಗೆ, ತಿಂಗಳಿಂದ ತಿಂಗಳಿಗೆ ಇವು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಶೆಡ್ಡಿಗೆ 5,000 ಮರಿ ಇಳಿದವು. 250 ಸತ್ತವು. ಉಳಿದ 4,750 ಕೋಳಿಗಳ ಒಟ್ಟು ತೂಕ 10,000 ಕೆ.ಜಿ. ಒಂದು ಕೆ.ಜಿ. ತೂಕ ಬರಲು 1.6 ಕೆ.ಜಿ. ಫೀಡ್ ಹಿಡಿಯಿತು, ಸಾಕುವವರು ಎಫ್.ಸಿ.ಆರ್. ಎನ್ನುವುದು ಇದನ್ನೇ. ಅಂದರೆ 16,000 ಕೆ.ಜಿ. ಫೀಡ್. ಬಿಲ್ಲಿನಲ್ಲಿ ಮರಿಗೆ ತಲಾ 40 ರೂಪಾಯಿ, ಫೀಡಿಗೆ ಕೆ.ಜಿ.ಗೆ 40 ರೂಪಾಯಿ, ಔಷಧಿ ಮತ್ತು ಮೇಲ್ವಿಚಾರಣೆಗೆ 20,000 ರೂಪಾಯಿ ಎಂದು ಹಾಕಿದ್ದಾರೆ. ಒಟ್ಟು 8,60,000. ಒಂದು ಕೆ.ಜಿ. ಕೋಳಿಗೆ ತಗಲಿದ ಖರ್ಚು 86 ರೂಪಾಯಿ. ಕಂಪನಿ ನಿಗದಿ ಮಾಡಿದ ಖರ್ಚೂ 86 ಎಂದಾದರೆ ರೈತನಿಗೆ ಗೊತ್ತುಪಡಿಸಿದ ಸಾಕಣೆ ಕೂಲಿ, ಕೆ.ಜಿ.ಗೆ 7 ರೂಪಾಯಿಯಂತೆ 70,000, ಪೂರ್ತಿ ಸಿಗುತ್ತದೆ.

ಈಗ ಎಫ್.ಸಿ.ಆರ್. 1.7 ಆಯಿತು ಎನ್ನಿ. ಹೆಚ್ಚು ಹಿಡಿದದ್ದು ಒಂದು ಟನ್ ಫೀಡ್, ಕೋಳಿಯೊಂದಕ್ಕೆ ದಿನಕ್ಕೆ ಸುಮಾರು ಐದು ಗ್ರಾಂ. ಒಟ್ಟು ಖರ್ಚು 9,00,000ಕ್ಕೆ ಏರುತ್ತದೆ, ಕೆ.ಜಿ.ಗೆ 90. ನಿಗದಿಗಿಂತ ನಾಲ್ಕು ರೂಪಾಯಿ ಜಾಸ್ತಿ. ಅದರಲ್ಲಿ ಅರ್ಧವನ್ನು ರೈತನ ಕೂಲಿಯಿಂದ ಕಳೆದರೂ 70,000 ಇದ್ದದ್ದು 50,000 ಆಗುತ್ತದೆ. ಹೊಟ್ಟು, ಬ್ರೂಡಿಂಗಿನ ಇದ್ದಿಲು, ಕರೆಂಟು, ಆಳಿನ ಸಂಬಳ, ಶೆಡ್ಡಿನ ಸಾಲದ ಕಂತು ಇವೆಲ್ಲ ಹೋಗಬೇಕಾದ್ದು ಇದೇ ಹಣದಲ್ಲಿ. ಹೋದ 20,000 ಎಂದರೆ ಆ ಬ್ಯಾಚಿನಲ್ಲಿ ಮನೆಗೆ ಉಳಿಯಬೇಕಿದ್ದ ದುಡ್ಡು.

ಇಲ್ಲಿ ಓದುಗರು ನಿಂತು ಕೇಳಬೇಕಾದ ಪ್ರಶ್ನೆ ಇದೆ. ರೈತ ಮರಿ ಕೊಂಡಿಲ್ಲ, ಫೀಡ್ ಕೊಂಡಿಲ್ಲ. ಹಾಗಿರುವಾಗ ಅವನ ಬಿಲ್ಲಿನಲ್ಲಿ ಮರಿಯ ದರ, ಫೀಡಿನ ದರ ಏಕೆ ಇವೆ? ಅವು ವ್ಯಾಪಾರದ ದರಗಳಲ್ಲ, ದಂಡದ ಅಳತೆಗೋಲುಗಳು. ಫೀಡಿನ ಕಾಗದದ ದರ 40 ಇದ್ದರೆ 0.1ರ ವ್ಯತ್ಯಾಸಕ್ಕೆ ನಾಲ್ಕು ರೂಪಾಯಿ, 45 ಇದ್ದರೆ ನಾಲ್ಕೂವರೆ. ನಿಗದಿ ಖರ್ಚನ್ನೂ ಅದಕ್ಕೆ ತಕ್ಕಂತೆ ಏರಿಸಿದ್ದೇವೆ ಎಂದು ಕಂಪನಿ ಹೇಳಬಹುದು. ಏರಿಸಿದರೂ ತಪ್ಪಿನ ಬೆಲೆ ಏರಿಯೇ ಇರುತ್ತದೆ. ಸತ್ತ ಮರಿಯ ವಿಷಯವೂ ಹಾಗೆಯೇ. ಕಂಪನಿಗೆ ಆ ಮರಿ, ಆ ಫೀಡ್ ನಿಜವಾಗಿ ಎಷ್ಟಕ್ಕೆ ಬಿದ್ದವು ಎಂಬುದು ಬಿಲ್ಲಿನಲ್ಲಿ ಇರುವುದಿಲ್ಲ. ಅಳತೆಗೋಲನ್ನು ಒಬ್ಬರು ಮಾಡುತ್ತಾರೆ, ಅಳೆಸಿಕೊಳ್ಳುವವರು ಇನ್ನೊಬ್ಬರು.

ದಂಡಕ್ಕೆ ಕಾರಣವಾದ ತಪ್ಪು ಯಾರದ್ದು ಎಂಬುದನ್ನೂ ಬಿಲ್ಲು ಕೇಳುವುದಿಲ್ಲ. ಎಳೆಯ ತಾಯಿಕೋಳಿಗಳ ಸಣ್ಣ ಮೊಟ್ಟೆಯಿಂದ ಬಂದ ಮರಿ ಮೊದಲ ವಾರದಲ್ಲೇ ಸೊರಗುತ್ತದೆ. ಫೀಡಿನಲ್ಲಿ ಸಾರ ಕಡಿಮೆಯಾದರೆ ಕೋಳಿ ಹೆಚ್ಚು ತಿಂದು ಸರಿದೂಗಿಸಿಕೊಳ್ಳಲು ನೋಡುತ್ತದೆ. ಎರಡೂ ಕಂಪನಿಯ ಕೈಯಲ್ಲಿರುವ ಸಂಗತಿಗಳು. ಎರಡೂ ಬಂದು ಕೂರುವುದು ರೈತನ ಎಫ್.ಸಿ.ಆರ್. ಸಾಲಿನಲ್ಲಿ. ಬೇಸಿಗೆಯಲ್ಲಿ ಸಿಮೆಂಟ್ ಶೀಟಿನ ಕೆಳಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಗೋಣಿ ಪರದೆ ನೆನೆಸಿ, ರಾತ್ರಿಯಿಡೀ ಎದ್ದು ಕೂತವನ ಶ್ರದ್ಧೆಗೂ, ಮಲಗಿ ನಿದ್ದೆ ಮಾಡಿದವನ ಅಸಡ್ಡೆಗೂ ಬಿಲ್ಲಿನಲ್ಲಿ ವ್ಯತ್ಯಾಸ ಇದೆ, ನಿಜ. ಆದರೆ ಅವರಿಬ್ಬರ ನಡುವಿನ ವ್ಯತ್ಯಾಸವನ್ನು ಕೆಟ್ಟ ಮರಿಯ ಒಂದು ಲೋಡು ಅಳಿಸಿಹಾಕಬಲ್ಲದು.

ಇಷ್ಟಾದರೂ ಇದು ಮಾಮೂಲಿ ದಿನಗಳ ಕಥೆ. ಪೇಟೆ ಕುಸಿದಾಗ ಏನಾಗುತ್ತದೆ ನೋಡಿ. 38ನೇ ದಿನಕ್ಕೆ ಎತ್ತಬೇಕಾದ ಕೋಳಿಯನ್ನು ಕಂಪನಿ ಎತ್ತುವುದಿಲ್ಲ. ದರ ಸುಧಾರಿಸಲಿ ಎಂದು ಕಾಯುತ್ತದೆ. 42 ಆಯಿತು, 45 ಆಯಿತು. ದೊಡ್ಡದಾದಷ್ಟೂ ಕೋಳಿ ಒಂದು ಕೆ.ಜಿ. ತೂಕಕ್ಕೆ ಹೆಚ್ಚು ಫೀಡ್ ಕೇಳುತ್ತದೆ, ಇದು ಕೋಳಿ ಸಾಕಣೆಯ ಮೊದಲ ಪಾಠ. ಎರಡು ಕೆ.ಜಿ.ಗೆಂದು ಲೆಕ್ಕ ಹಾಕಿದ ಜಾಗದಲ್ಲಿ ಎರಡೂವರೆ ಕೆ.ಜಿ.ಯ ಕೋಳಿ ಒತ್ತೊತ್ತಾಗಿ ಕೂರುತ್ತದೆ. ಹೊಟ್ಟು ಒದ್ದೆಯಾಗುತ್ತದೆ, ಅಮೋನಿಯಾ ಏರುತ್ತದೆ, ಕೆಮ್ಮು ಶುರುವಾಗುತ್ತದೆ, ಬಿಸಿಲಿಗೆ ಮೊದಲು ಸಾಯುವುದು ಭಾರದ ಕೋಳಿಯೇ. ಕೆಲವು ಕಂಪನಿಗಳು ತೂಕಕ್ಕೆ ತಕ್ಕಂತೆ ಎಫ್.ಸಿ.ಆರ್. ತಿದ್ದಿ ಲೆಕ್ಕ ಹಾಕುತ್ತವೆ, ಅದನ್ನು ಒಪ್ಪುತ್ತೇನೆ. ಆ ತಿದ್ದುಪಡಿ ಹೆಚ್ಚು ತಿಂದ ಫೀಡಿಗೆ ಸ್ವಲ್ಪ ಸಮಾಧಾನ ಕೊಟ್ಟೀತು. ಕೊನೆಯ ವಾರದಲ್ಲಿ ಸತ್ತ ಭಾರಿ ಕೋಳಿಗೆ, ಆಳಿನ ಹೆಚ್ಚುವರಿ ಸಂಬಳಕ್ಕೆ, ಕಳೆದುಹೋದ ದಿನಗಳಿಗೆ ಅದರಲ್ಲಿ ಜಾಗವಿಲ್ಲ. ಮಾರುಕಟ್ಟೆಯ ನಷ್ಟ ರೈತನಿಗೆ ತಟ್ಟುವುದಿಲ್ಲ ಎಂದು ಬರೆದವರು ಈ ದಾರಿಯನ್ನು ಗಮನಿಸಿಲ್ಲ. ಮಾರುಕಟ್ಟೆಯ ನಷ್ಟ ಮಾರುಕಟ್ಟೆಯ ದರವಾಗಿ ಬಿಲ್ಲಿಗೆ ಬರುವುದಿಲ್ಲ. ಸಾವಿನ ಸಂಖ್ಯೆಯಾಗಿ, ಫೀಡಿನ ಟನ್ನುಗಳಾಗಿ, ರೈತನ ತಪ್ಪಿನ ಹೆಸರಿನಲ್ಲಿ ಬರುತ್ತದೆ.

ಬಿಲ್ಲಿಗೇ ಬಾರದ ನಷ್ಟ ಇನ್ನೊಂದಿದೆ, ಎಲ್ಲಕ್ಕಿಂತ ದೊಡ್ಡದು. ಕಂಪನಿ ಕೊಡುವ ಮಾತು ಕೆ.ಜಿ.ಗೆ ಇಷ್ಟು ಎಂದು. ವರ್ಷಕ್ಕೆ ಎಷ್ಟು ಬ್ಯಾಚ್ ಮರಿ ಬಿಡುತ್ತೇವೆ ಎಂಬ ಮಾತು ನನಗೆ ತೋರಿಸಿದ ಯಾವ ಕರಾರಿನಲ್ಲೂ ಇರಲಿಲ್ಲ. ನಲವತ್ತು ದಿನ ಸಾಕಣೆ, ಹದಿನೈದು ದಿನ ಶೆಡ್ ತೊಳೆದು ಸುಣ್ಣ ಹೊಡೆದು ಒಣಗಿಸಲು; ಹೀಗೆ ವರ್ಷಕ್ಕೆ ಆರು ಬ್ಯಾಚ್ ಎಂಬ ಎಣಿಕೆಯ ಮೇಲೆ ಸಾಲ ಮಂಜೂರಾಗುತ್ತದೆ. ಪೇಟೆ ಬಿದ್ದ ವರ್ಷ ಕಂಪನಿ ಮರಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಆರು ನಾಲ್ಕಾಗುತ್ತದೆ. ಮೇಲಿನ ಲೆಕ್ಕದಲ್ಲೇ 4,20,000 ಬರಬೇಕಿದ್ದಲ್ಲಿ 2,80,000 ಬರುತ್ತದೆ. ಕೆ.ಜಿ.ಗೆ ಏಳು ರೂಪಾಯಿ ಎಂಬ ಮಾತಿಗೆ ಎಲ್ಲೂ ತಪ್ಪಿಲ್ಲ, ಆದರೆ ವರ್ಷದ ಕೊನೆಗೆ ಅದು 4 ರೂಪಾಯಿ 67 ಪೈಸೆಗೆ ಇಳಿದಂತೆಯೇ. ಬ್ಯಾಂಕಿನ ಕಂತು ಮಾತ್ರ ಆರು ಬ್ಯಾಚಿನ ಲೆಕ್ಕದಲ್ಲೇ ನಡೆಯುತ್ತದೆ.

ಕಷ್ಟದ ದಿನ ಎಂದರೆ ಊಹೆಯ ಮಾತಲ್ಲ. 2020ರ ಫೆಬ್ರುವರಿ, ಮಾರ್ಚ್‌ನಲ್ಲಿ ಕೋಳಿಮಾಂಸದಿಂದ ಕೊರೊನಾ ಹರಡುತ್ತದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ಅದೇ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡು ಮತ್ತು ಮೈಸೂರಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಬೆಳಗಾವಿ ಜಿಲ್ಲೆಯಲ್ಲಿ ಬದುಕಿದ್ದ ಕೋಳಿಗಳನ್ನೇ ಗುಂಡಿಗೆ ಸುರಿದು ಮಣ್ಣು ಮುಚ್ಚಿದ್ದನ್ನು ನಾಡೇ ನೋಡಿತು. 2021ರಲ್ಲಿ ಸೋಯಾ ಕ್ವಿಂಟಲ್ಲಿಗೆ 10,000 ರೂಪಾಯಿ ದಾಟಿ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಯಿತು. ಆಮೇಲೆ ಎಥನಾಲ್ ಕಾರ್ಖಾನೆಗಳೂ ಕೋಳಿಗಳೂ ಒಂದೇ ಮೆಕ್ಕೆಜೋಳಕ್ಕೆ ಪೈಪೋಟಿಗೆ ಬಿದ್ದವು. 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ ಮತ್ತೆ ಹಕ್ಕಿಜ್ವರ. ಹಕ್ಕಿಜ್ವರದಲ್ಲಿ ಸರ್ಕಾರದ ಪರಿಹಾರ ಬರುವುದು ಕೊಂದ ಹಕ್ಕಿ, ನಾಶಪಡಿಸಿದ ಮೊಟ್ಟೆ ಮತ್ತು ಫೀಡಿನ ಲೆಕ್ಕದಲ್ಲಿ. ಕರಾರಿನ ಶೆಡ್ಡಿನಲ್ಲಿ ಹಕ್ಕಿಯೂ ರೈತನದಲ್ಲ, ಫೀಡೂ ರೈತನದಲ್ಲ. ಅವನದಾಗಿರುವುದು ತಿಂಗಳುಗಟ್ಟಲೆ ಖಾಲಿ ಬೀಳುವ ಶೆಡ್ಡು, ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲ.

ಈ ಪದ್ಧತಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸ್ವಂತ ಬಂಡವಾಳದಲ್ಲಿ ಸಾಕುತ್ತಿದ್ದವರು ಒಂದೇ ಕೆಟ್ಟ ಬ್ಯಾಚಿಗೆ ಹೊಲ ಮಾರಿದ್ದುಂಟು. ಲಸಿಕೆ ಹೊತ್ತಿಗೆ ಸರಿಯಾಗಿ ಬರುವುದು, ಒಳ್ಳೆಯ ತಳಿ ಸಿಗುವುದು, ಫೀಡ್ ಅಂಗಡಿಯ ಬಡ್ಡಿ ತಪ್ಪುವುದು, ಇವು ಸಣ್ಣ ಲಾಭಗಳಲ್ಲ. ಮುಗಿದ ಮೇಲೆ ಉಳಿಯುವ ಗೊಬ್ಬರ ರೈತನದೇ, ಮಲೆನಾಡಿನ ಶುಂಠಿ, ಅಡಿಕೆ ತೋಟದವರು ಬಂದು ಕೊಳ್ಳುತ್ತಾರೆ. ಇಷ್ಟು ಸರಿ.

ನನ್ನ ಜಗಳ ಇರುವುದು ಇಷ್ಟನ್ನೇ ಹಿಡಿದುಕೊಂಡು ಪಂಡಿತರ ಹೆಸರಿನಲ್ಲಿ ಪ್ರಮಾಣಪತ್ರ ಕೊಡುವವರೊಂದಿಗೆ. ಭರತ್ ರಾಮಸ್ವಾಮಿ, ಪ್ರತಾಪ್ ಸಿಂಗ್ ಬಿರ್ತಾಲ್, ಪಿ.ಕೆ. ಜೋಶಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಆಂಧ್ರಪ್ರದೇಶದ ಕೋಳಿ ಸಾಕಣೆದಾರರ ಬಗ್ಗೆ 2006ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಕರಾರಿನ ಪರ ಬರೆಯುವವರು ಮತ್ತೆಮತ್ತೆ ಎತ್ತುತ್ತಾರೆ. ಕರಾರಿನಲ್ಲಿದ್ದವರಿಗೆ ಅಪಾಯ ಕಡಿಮೆ, ನಿರೀಕ್ಷಿತ ಆದಾಯ ಹೆಚ್ಚು ಎಂದು ಆ ಪ್ರಬಂಧ ಹೇಳುತ್ತದೆ, ಹೌದು. ಅದೇ ಪ್ರಬಂಧ ಅದಕ್ಕೂ ಮೊದಲು ಇನ್ನೊಂದು ಮಾತು ಹೇಳುತ್ತದೆ: ದಕ್ಷತೆಯಿಂದ ಹುಟ್ಟಿದ ಹೆಚ್ಚುವರಿ ಲಾಭದ ಬಹುಪಾಲು ಕಂಪನಿಗೆ ಹೋಗುತ್ತದೆ ಎಂದು. ಈ ವಾಕ್ಯವನ್ನು ನುಂಗಿ ಆ ವಾಕ್ಯವನ್ನು ಉದ್ಧರಿಸುವುದು ವಿದ್ವತ್ತಿಗೆ ಮಾಡುವ ಅಪಚಾರ. ಇನ್ನೂ ಮುಖ್ಯವಾದದ್ದು ಅದರ ಹೋಲಿಕೆಯ ಆಧಾರ. ಕರಾರಿಗೆ ಬಂದವರು ಸ್ವತಂತ್ರವಾಗಿ ಸಾಕಿದ್ದರೆ ಅಷ್ಟೇನೂ ಗಳಿಸುತ್ತಿರಲಿಲ್ಲ, ಕರಾರಿನಿಂದ ಅವರು ಸ್ವತಂತ್ರ ಸಾಕಣೆದಾರರ ಮಟ್ಟಕ್ಕೆ ಬಂದರು ಎನ್ನುವುದು ಅಲ್ಲಿನ ತೀರ್ಮಾನ. ಬೇರೆ ದಾರಿ ಇಲ್ಲದವನಿಗೆ ಸಿಕ್ಕಿದ್ದು ಏನೂ ಇಲ್ಲದ್ದಕ್ಕಿಂತ ಮೇಲು ಎಂದು ಇದರಿಂದ ಸಿದ್ಧವಾಗುತ್ತದೆ. ಸಿಕ್ಕಿದ್ದು ನ್ಯಾಯವಾದದ್ದು ಎಂದು ಸಿದ್ಧವಾಗುವುದಿಲ್ಲ. ಪ್ರಬಂಧಕಾರರು ಹಾಗೆಂದು ಹೇಳಿಯೂ ಇಲ್ಲ. ಹೇಳುತ್ತಿರುವವರು ಅವರ ಹೆಸರನ್ನು ಬಳಸುವವರು. 2006ರ ಪ್ರಬಂಧಕ್ಕೆ 2020ರ ಮಾರ್ಚ್ ಗೊತ್ತಿರಲು ಸಾಧ್ಯವೂ ಇಲ್ಲ. ವಿಮೆ ಎಷ್ಟು ಗಟ್ಟಿ ಎಂಬುದನ್ನು ಬೆಂಕಿ ಬೀಳದ ವರ್ಷಗಳ ಲೆಕ್ಕದಿಂದ ನಿರ್ಧರಿಸಲಾಗದು.

ಕೃಷಿ ಪುಟದ ಯಶೋಗಾಥೆಗಳನ್ನೂ ಇಲ್ಲಿಯೇ ಪ್ರಸ್ತಾಪಿಸಬೇಕು. ಅವುಗಳಲ್ಲಿ ಯಾವಾಗಲೂ ಶೆಡ್ಡು ತುಂಬಿರುತ್ತದೆ. ವರದಿಗಾರ ಹೋಗುವುದು ಕೋಳಿ ಇರುವಾಗ, ಫೋಟೊ ತೆಗೆಯುವುದು ಕೋಳಿಯ ನಡುವೆ, ಆದಾಯ ಕೇಳುವುದು ಬ್ಯಾಚಿನ ಲೆಕ್ಕದಲ್ಲಿ, ಅದನ್ನು ಆರರಿಂದ ಗುಣಿಸುವುದು ತನ್ನ ಮೇಜಿನ ಮೇಲೆ. ಆ ಗುಣಾಕಾರ ಓದಿ ಸಾಲ ಮಾಡಿ ಶೆಡ್ಡು ಕಟ್ಟಿದ ಹುಡುಗರು ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಅವರ ಬಗ್ಗೆ ಎರಡನೇ ಲೇಖನ ಬರುವುದಿಲ್ಲ.

ನಾಟಿಕೋಳಿಯೇ ಇದಕ್ಕೆಲ್ಲ ಮದ್ದು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳ ಮೇಲೆ ನನಗೆ ಅಪಾರ ಗೌರವವಿದೆ. ಹಿತ್ತಲಲ್ಲಿ ಹತ್ತಿಪ್ಪತ್ತು ಸಾಕುವ ಹೆಣ್ಣುಮಕ್ಕಳಿಗೆ ಅವು ಕೊಟ್ಟ ಆಸರೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಆದರೆ ಐದು ಸಾವಿರ ಕೋಳಿಯ ಶೆಡ್ಡಿಗೆ ಸಾಲ ಮಾಡಿಕೊಂಡವನಿಗೆ ಹಿತ್ತಲಿನ ಉಪದೇಶದಿಂದ ಕಂತು ತೀರುವುದಿಲ್ಲ.

ಗೇಣಿಯ ನೆನಪು ಇನ್ನೂ ಇರುವ ನಾಡು ನಮ್ಮದು. ಗೇಣಿದಾರನಿಗೆ ನೆಲ ತನ್ನದಾಗಿರಲಿಲ್ಲ, ಬೆಳೆಯಲ್ಲಿ ಪಾಲಿತ್ತು. ಕರಾರಿನ ರೈತನಿಗೆ ನೆಲವೂ ಶೆಡ್ಡೂ ಸಾಲವೂ ತನ್ನವು, ಬೆಳೆ ಮಾತ್ರ ಬೇರೆಯವರದು. 1974ರ ಭೂಸುಧಾರಣೆಯನ್ನು ಕೊಂಡಾಡುವ ನಮ್ಮ ಚಿಂತಕರು ಈ ಹೊಸ ಸಂಬಂಧದ ಬಗ್ಗೆ ಬರೆದದ್ದು ಬಹಳ ಕಡಿಮೆ, ಬರೆಯಬೇಕಿತ್ತು.

ಕಾನೂನಿನಲ್ಲಿ ಮಾಡಬಹುದಾದ್ದು ಏನೂ ಇಲ್ಲ ಎಂಬ ಮಾತನ್ನು ಯಾರೂ ನಂಬಬೇಕಿಲ್ಲ. ಕಂಪನಿಗಳ ಬಿಗಿಹಿಡಿತಕ್ಕೆ ಹೆಸರಾದ ಅಮೆರಿಕದಲ್ಲೇ ಅಲ್ಲಿನ ಕೃಷಿ ಇಲಾಖೆ 2023ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚ್ ಮರಿ ಬಿಡುತ್ತೇವೆ, ಶೆಡ್ಡಿನಲ್ಲಿ ಕನಿಷ್ಠ ಎಷ್ಟು ಕೋಳಿ ಇರುತ್ತವೆ ಎಂಬುದನ್ನು ಕಂಪನಿ ಕರಾರಿನಲ್ಲೇ ಬರೆಯಬೇಕು. ಪೇಟೆ ಬಿದ್ದಾಗ ಕಂಪನಿಯೂ ಸಾಯುತ್ತದೆ, ಮರಿ ಬಿಡು ಎಂದು ಹೇಗೆ ಬಲವಂತ ಮಾಡುವುದು ಎಂದು ಕೇಳುವವರಿಗೆ ಉತ್ತರ ಕಷ್ಟವಲ್ಲ. ಮರಿ ಬಿಡದ ದಿನಗಳಿಗೆ ಶೆಡ್ಡಿನ ಬಾಡಿಗೆ ಎಂದು ಚದರ ಅಡಿಗೆ ಇಷ್ಟು ಗೊತ್ತುಮಾಡಿ, ಕನಿಷ್ಠ ಬ್ಯಾಂಕಿನ ಕಂತು ನಡೆಯುವಷ್ಟು. ಎತ್ತುವ ದಿನ ಮೀರಿದರೆ ಆಮೇಲೆ ತಿಂದ ಫೀಡು, ಆಮೇಲೆ ಸತ್ತ ಕೋಳಿ ರೈತನ ಲೆಕ್ಕಕ್ಕೆ ಸೇರಕೂಡದು. ಮರಿ ಇಳಿದ ಮೊದಲ ವಾರದ ಸಾವಿಗೆ ಹ್ಯಾಚರಿ ಹೊಣೆಯಾಗಲಿ, ಫೀಡಿನ ಮಾದರಿಯನ್ನು ಪರೀಕ್ಷೆಗೆ ಕಳಿಸುವ ಹಕ್ಕು ಸಾಕುವವನಿಗೆ ಇರಲಿ. ಈ ಷರತ್ತುಗಳನ್ನು ಒಪ್ಪಲಾರೆವು ಎನ್ನುವ ಕಂಪನಿ ಮಾರುಕಟ್ಟೆಯ ಏರಿಳಿತ ತನ್ನದು ಎಂದು ಜಾಹೀರಾತು ಕೊಡುವುದನ್ನು ಮೊದಲು ನಿಲ್ಲಿಸಬೇಕು. ಆ ಜಾಹೀರಾತನ್ನು ನಂಬಿ ಆರು ಬ್ಯಾಚಿನ ಲೆಕ್ಕದಲ್ಲಿ ಸಾಲ ಮಂಜೂರು ಮಾಡುವ ಬ್ಯಾಂಕು ನಾಲ್ಕು ಬ್ಯಾಚಿನ ಲೆಕ್ಕ ಹಾಕಿ ನೋಡಿದ ಮೇಲೆ ಸಹಿ ಹಾಕಬೇಕು.