ಕಂಸಾಳೆಗೆ ತಕ್ಕ ಪೆಟ್ಟಿಗೆ

ಕಂಸಾಳೆಯಲ್ಲಿ ಎರಡು ಸದ್ದಿವೆ. ಎಡಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಾಳ ತಾಗಿದಾಗಿನ ಚುರುಕು ಪೆಟ್ಟು ಒಂದು. ಅದರ ಬೆನ್ನಿಗೇ ಹುಟ್ಟಿ ಸಣ್ಣಗೆ ಎಳೆದುಕೊಂಡು ಹೋಗುವ ನಾದ ಇನ್ನೊಂದು. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆ ಹಾಡುವ ದೇವರಗುಡ್ಡರು ಆ ನಾದ ಅಡಗುವ ಮೊದಲೇ ಮುಂದಿನ ಸೊಲ್ಲು ಎತ್ತಿಕೊಳ್ಳುತ್ತಾರೆ; ಕಥೆಯ ಓಟವೆಲ್ಲ ಇರುವುದು ಆ ಸಂದಿಯಲ್ಲೇ. ಮೈಸೂರು ಸೀಮೆಯ ಬಿಳಿಗೆರೆಯಂಥ ಊರಿನಲ್ಲಿ ಮನೆಯ ಕೋಣೆಯೊಂದನ್ನು ಸ್ಟುಡಿಯೋ ಮಾಡಿಕೊಳ್ಳುವವರು ಆಡಿಯೋ ಇಂಟರ್‌ಫೇಸ್ ಆರಿಸುವಾಗ ಈ ಎರಡು ಸದ್ದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕು.

ಮನೆಯಿಂದಲೇ ದನಿ ದಾಟಿಸುವ ಆಸೆ ಈ ಸೀಮೆಗೆ ಹೊಸದೇನಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟ್ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ಶುರು ಮಾಡಿದರು. ಇವತ್ತು ಮನೆಯಲ್ಲೇ ದನಿ ಹಿಡಿಯಲು ಇಂಟರ್‌ಫೇಸ್ ಎಂಬ, ಅಂಗೈಗಿಂತ ತುಸು ದೊಡ್ಡದೊಂದು ಪೆಟ್ಟಿಗೆ ಸಾಕು.

ಮೈಕಿನಿಂದ ಬರುವ ಸಂಕೇತ ಬಹಳ ಕ್ಷೀಣ. ಅದನ್ನು ಹಿಗ್ಗಿಸುವುದು ಪೆಟ್ಟಿಗೆಯೊಳಗಿನ ಪ್ರೀಆಂಪ್. ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವುದು ಆಮೇಲಿನ ಕೆಲಸ. ಪ್ರೀಆಂಪಿನ ಗುಣ ತಿಳಿಯುವುದು ತಂಬೂರಿಯವರ ಮುಂದೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗ ತಂಬೂರಿಯ ತಂತಿಯೊಂದೇ ಮಿಡಿಯುತ್ತಿರುತ್ತದೆ. ಗೇನ್, ಅಂದರೆ ಹಿಗ್ಗಿಸುವ ಮಟ್ಟ, ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕಳಪೆ ಪೆಟ್ಟಿಗೆಯಲ್ಲಿ ಆ ತಂತಿಯ ಹಿಂದೆ ‘ಸುಯ್’ ಎಂಬ ಸದ್ದು ಹಾಸಿಕೊಂಡಿರುತ್ತದೆ. ಒಳ್ಳೆಯದರಲ್ಲಿ ತಂತಿಯ ಮೇಲೆ ಬೆರಳು ಜಾರಿದ್ದು, ಹಾಡುಗಾರರ ಉಸಿರು, ಗಗ್ಗರದೊಳಗಿನ ಕಾಳು ಹೊರಳಿದ್ದು, ಎಲ್ಲವೂ ಬೇರೆ ಬೇರೆಯಾಗಿ ಕೇಳುತ್ತವೆ. ಆಹಾ, ಕಿವಿಗೆ ಅದೆಂಥ ಸುಖ!

ಹೆಚ್ಚು ಜನ ಕೊಳ್ಳುವುದು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2. 2023ರಲ್ಲಿ ಬಂದ ಅದರ ನಾಲ್ಕನೇ ತಲೆಮಾರಿನಲ್ಲಿ ಗೇನ್ 69 ಡೆಸಿಬೆಲ್‌ವರೆಗೆ ಸಿಗುತ್ತದೆ. ಗುಂಡಿಯ ಸುತ್ತ ಬಳೆ ತೊಡಿಸಿದಂತೆ ಒಂದು ಬೆಳಕು. ಕೊರಳಿಗೆ ಅದು ಹಸಿರಾಗಿರುತ್ತದೆ, ಕುಣಿಯುತ್ತ ಬಾರಿಸುವ ಬೀಸು ಕಂಸಾಳೆಯ ಪೆಟ್ಟು ಬಿದ್ದೊಡನೆ ಹಳದಿಗೆ ತಿರುಗುತ್ತದೆ. ಕೆಂಪಾಯಿತೋ, ಆ ಪೆಟ್ಟು ಒಡೆಯಿತು. ಮತ್ತೆ ಅದನ್ನು ಸರಿ ಮಾಡಲಾಗದು. ಗೇನನ್ನು ತಾನೇ ಇಳಿಸುವ ಕ್ಲಿಪ್ ಸೇಫ್ ಸೌಲಭ್ಯವೂ ಇದರಲ್ಲಿದೆ. ಆದರೆ ಹಾಡಿನ ನಡುವೆ ಮಟ್ಟ ಕುಸಿಯುವುದು ನನಗೆ ಒಗ್ಗದು. 24 ಬಿಟ್‌ನ ಹರವು ಲೆಕ್ಕದಲ್ಲಿ 144 ಡೆಸಿಬೆಲ್, 16 ಬಿಟ್‌ನದು ಸುಮಾರು 96. ಇಷ್ಟು ಜಾಗವಿರುವಾಗ ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ಮೊದಲೇ ಗೇನ್ ತಗ್ಗಿಸಿಟ್ಟರೆ ಪೆಟ್ಟೂ ಒಡೆಯದು, ನಾದವೂ ಮುಳುಗದು. ಮೋಟು ಎಂ2 ಎಂಬ ಇನ್ನೊಂದು ಪೆಟ್ಟಿಗೆಯಲ್ಲಿ ಮಟ್ಟದ ಈ ಏರಿಳಿತ ಮುಂಭಾಗದ ಪುಟ್ಟ ಪರದೆಯ ಮೇಲೆಯೇ ಕಾಣುತ್ತದೆ. ಕಂಸಾಳೆಯವರಿಗೆ ನಾನು ಅದನ್ನೇ ಹೇಳುತ್ತೇನೆ.

ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಪೆಟ್ಟಿಗೆ ಹಳ್ಳಿಗೆ ಲೇಸು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಅರ್ತಿಂಗ್ ಸರಿಯಿಲ್ಲದ ಮನೆಯ ‘ಗುಂಯ್’ ಸದ್ದು ಎಷ್ಟೋ ಸಲ ಅಲ್ಲಿಗೇ ನಿಂತುಹೋಗುತ್ತದೆ.

ಎಂಟು ಇನ್‌ಪುಟ್ಟಿನ ಪೆಟ್ಟಿಗೆಗೆ ಮನಸೋಲಬೇಡಿ. ಮೇಳದವರು ಒತ್ತಾಗಿ ಕೂತು, ಒಬ್ಬರ ಕೊರಳಿಗೆ ಇನ್ನೊಬ್ಬರು ಕೊರಳು ಕೂಡಿಸಿ ಹಾಡುವವರು. ಬಿಡಿಸಿ ಕೂರಿಸಿ ತಲೆಗೊಂದು ಮೈಕ್ ಕೊಟ್ಟರೆ ಹಿಮ್ಮೇಳ ಚದುರುತ್ತದೆ. ಮುಂದೆ ಹಾಡುವವರಿಗೆ ಒಂದು ಕಂಡೆನ್ಸರ್ ಮೈಕ್, ನಾಲ್ಕಡಿ ಆಚೆ ಇಡೀ ಮೇಳಕ್ಕೆ ಇನ್ನೊಂದು. ಎರಡಕ್ಕೂ 48 ವೋಲ್ಟ್ ಕೊಡುವ, ಸುಯ್ಗುಟ್ಟದ ಎರಡು ಇನ್‌ಪುಟ್ ಸಾಕು. ಉಳಿದ ದುಡ್ಡನ್ನು ಮೈಕಿಗೆ ಹಾಕಿ.