ಮಕಾರದೊಳಗೆ ಸಿಕ್ಕಿಬಿದ್ದ ವಕಾರ

ಕೆಟ್ಟ ಫೈಲಿನ ಬೈಟುಗಳಿಂದಲೂ ಕನ್ನಡವನ್ನು ಹೆಕ್ಕಿ ತೆಗೆಯಲು, ಹುಡುಕಬೇಕಾದ ವಿನ್ಯಾಸವನ್ನು ಬಣ್ಣಿಸುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕು ಎಂಬ ಮಾತು ನಮ್ಮ ತಂತ್ರಾಂಶದ ಗೆಳೆಯರಲ್ಲಿ ಬೇರೂರಿದೆ. ಕೆನ್ ಥಾಂಪ್ಸನ್ 1968ರಲ್ಲಿ ಅದನ್ನು ಹುಡುಕಾಟಕ್ಕೆ ಒಗ್ಗಿಸಿದ ಕಥೆ ಎಲ್ಲರಿಗೂ ಗೊತ್ತು. ಅದೇ ಥಾಂಪ್ಸನ್ 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದ, ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿ ಇಲ್ಲದಿದ್ದರೆ ಆ ಹೊಗಳಿಕೆ ಕನ್ನಡದ ಮಟ್ಟಿಗೆ ಪೊಳ್ಳು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹುಣಸೂರು ತಾಲ್ಲೂಕಿನ ಒಂದು ಊರಿನ ಹೆಸರನ್ನೇ ತೆಗೆದುಕೊಳ್ಳಿ: ಕಟ್ಟೆಮಳಲವಾಡಿ. ಯುಟಿಎಫ್-8ರಲ್ಲಿ ಇದು 36 ಬೈಟು. ಪ್ರತಿ ಕನ್ನಡ ಸಂಕೇತವೂ ಮೂರು ಬೈಟು: ಮೊದಲನೆಯದು 224, ಎರಡನೆಯದು 178 ಇಲ್ಲವೇ 179, ಮೂರನೆಯದು 128ರಿಂದ 191ರೊಳಗೆ. ತೆಲುಗಿನ ಎರಡನೆಯ ಬೈಟು 176, 177. ಮಲಯಾಳದ್ದು 180, 181. ಅರ್ಧ ಅಳಿಸಿಹೋದ ಡಿಸ್ಕಿನಲ್ಲೂ ಇಂಥ ನಾಲ್ಕೈದು ತ್ರಿವಳಿ ಸಾಲಾಗಿ ಸಿಕ್ಕರೆ ಅದು ಕನ್ನಡವೇ.

ಈಗ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗೆ ಬನ್ನಿ. ನಮ್ಮ ಡಿಟಿಪಿ ಅಂಗಡಿಗಳ ಲಗ್ನಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆಗಳು ಕೂತಿರುವುದು ಅದರಲ್ಲಿ. ಅಲ್ಲಿ ಊರಿನ ಹೆಸರು 14 ಬೈಟು. ‘ವ’ ಎಂದರೆ 170, 192. ‘ಮ’ ಎಂದರೆ 170, 192, 196. ಅಂದರೆ ವಕಾರಕ್ಕೆ ಒಂದು ಕೊಂಬು. ಅಚ್ಚಿನಲ್ಲಿ ಮಕಾರ ಕಾಣುವುದೂ ಹಾಗೆಯೇ. ನುಡಿ ಅಕ್ಷರವನ್ನು ಬಿಟ್ಟು ಅದರ ಆಕಾರವನ್ನು ಬರೆದಿಟ್ಟಿದೆ. ‘ವಾ’ ಮಾತ್ರ 170, 193. ಹಾಗಾಗಿ ಕಟ್ಟೆಮಳಲವಾಡಿಯಲ್ಲಿ ವಕಾರ ಹುಡುಕಿದರೆ ಯಂತ್ರ ಮಕಾರದ ಮೇಲೆ ಬೆರಳಿಡುತ್ತದೆ, ನಿಜವಾದ ವಕಾರವನ್ನು ದಾಟಿ ಹೋಗುತ್ತದೆ. ಮುಂದೆ 196 ಬಂದರೆ ಬಿಡು ಎಂದು ತಿದ್ದಿದಿರಿ ಅನ್ನಿ. ‘ಮಾ’ ಬಂತು: 170, 192, 105, 193. ಅದಕ್ಕೂ ಒಂದು ತಿದ್ದುಪಡಿ. ಇಷ್ಟಾದ ಮೇಲೂ 170, 192 ಎಂಬ ಜೋಡಿ ಯಾವುದೋ ಫೋಟೋದ ಬೈಟುಗಳ ನಡುವೆ ಆಕಸ್ಮಿಕವಾಗಿ ಬಿದ್ದಿದ್ದರೆ ಗುರುತಿಸುವ ದಾರಿಯೇ ಇಲ್ಲ.

ಯುಟಿಎಫ್-8 ಕನ್ನಡಕ್ಕೆ ದುಬಾರಿ, 14ರ ಜಾಗಕ್ಕೆ 36 ಬೇಕು ಎಂದು ವಾದಿಸುವವರ ಜೊತೆ ನನ್ನ ಜಗಳ ಹಳೆಯದು. ಅವರ ಲೆಕ್ಕ ಸರಿ, ತೀರ್ಮಾನ ತಪ್ಪು. ಹೆಚ್ಚಿನ ಆ 22 ಬೈಟುಗಳು ‘ನಾನು ಕನ್ನಡ’ ಎಂದು ಪ್ರತಿ ಸಂಕೇತದಲ್ಲೂ ಸಾರುತ್ತವೆ. ಫೈಲು ಚೆನ್ನಾಗಿರುವಾಗ ಅದು ವ್ಯರ್ಥವೆನಿಸಬಹುದು. ಫೈಲು ಹಾಳಾದ ದಿನ ಉಳಿಯುವ ಗುರುತು ಅದೊಂದೇ. ಅಗ್ಗದ ಮೆಮೊರಿಯ ಈ ಕಾಲದಲ್ಲಿ ಅದನ್ನು ದುಂದು ಎನ್ನುವುದನ್ನು ನಾನು ಒಪ್ಪಲಾರೆ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಒಳ್ಳೆಯ ಸಾಧನ, ಹಳೆಯ ನುಡಿ ಫೈಲುಗಳಿಗೆ ನಂಬತಕ್ಕದ್ದಲ್ಲ. ಅಂಥ ಫೈಲು ಇಟ್ಟುಕೊಂಡವರು ಮೂಲ ಪ್ರತಿಯನ್ನು ಮುಟ್ಟದೆ ಹಾಗೇ ಇಡಿ. ಅದು ಇನ್ನೂ ತೆರೆಯುತ್ತಿರುವಾಗಲೇ ಅದರ ನಕಲನ್ನು ಯೂನಿಕೋಡಿಗೆ ಪರಿವರ್ತಿಸಿ, ಹುಡುಕಾಟ ಆಮೇಲಿರಲಿ.